ಹೆಚ್ಚಾದದ್ದು ಎಲ್ಲಿ ಹೋಯಿತು

ಚೌಕಗಳಿರುವ ಫಾರ್ಮು ಕಂಡರೆ ನನಗೆ ಕೈ ಬೆವರುತ್ತದೆ. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಗ್ಯಾಸ್ ಕನೆಕ್ಷನ್ನಿನ ಅರ್ಜಿಯ ತನಕ, ಸರಿ ಗುರುತನ್ನು ಸರಿಯಾದ ಚೌಕದಲ್ಲಿ ಹಾಕಿದ ನೆನಪೇ ನನಗಿಲ್ಲ. ವಿವಾಹಿತ, ಅವಿವಾಹಿತ ಎಂಬ ಎರಡೇ ಚೌಕಗಳಿದ್ದ ಕಡೆಯೂ ಒಮ್ಮೆ ಎಡವಟ್ಟಾಗಿತ್ತು. ಅದನ್ನು ನೋಡಿದ ನನ್ನ ಹೆಂಡತಿ ಸುಮಿತ್ರಾ, "ಇರ್ಲಿ ಬಿಡ್ರಿ, ನಿಮ್ಮ ಮನಸ್ಸಿನಾಗ ಏನದ ಅಂತ ಗೊತ್ತಾತು" ಎಂದು ಫಾರ್ಮನ್ನು ಮಡಚಿ ಕೈಗಿಟ್ಟಿದ್ದಳು.

ಇಂಥ ನನ್ನ ಮೇಜಿನ ಮೇಲೆ, ತೊಂಬತ್ತರ ದಶಕ ಮುಗಿಯುತ್ತ ಬಂದ ಹೊತ್ತಿನಲ್ಲಿ, ಒಂದು ಫಾರ್ಮು ಬಂದು ಕೂತಿತು. "ದೋಷಕ್ಕೆ ಕಾರಣ" ಎಂಬ ಸಾಲು, ಅದರ ಕೆಳಗೆ ಮೂರು ಚೌಕ: ಯಂತ್ರ, ಪ್ರೋಗ್ರಾಮ್, ಮನುಷ್ಯ. ಮೂರನೆಯದಾದರೆ ಹೆಸರು ಬರೆಯಬೇಕು. ಆ ಮೂರು ಚೌಕಗಳ ಮುಂದೆ ನಾನು ಪೆನ್ನು ಹಿಡಿದು ಕೂತದ್ದು ಎಷ್ಟು ಹೊತ್ತೆಂದರೆ, ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ಏಕೆ ಎಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಆಗ ನಾನು ಭೋಸರಿಯ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದೆ. ವಾಸ ಸದಾಶಿವ ಪೇಠೆ; ದಿನಾ ಸ್ಕೂಟರಿನ ಮೇಲೆ ಹೋಗಿ ಬರುವಷ್ಟರಲ್ಲಿ ಅರ್ಧ ಪುಣೆಯ ಧೂಳು ನನ್ನ ಬುಶ್‌ಶರ್ಟಿನ ಮೇಲೆ. ಮಾಲಕರು ಮರಾಠಿಯವರು, ಸಜ್ಜನರು, ಹೊಸದರ ಹುಚ್ಚು ಉಳ್ಳವರು. ಸುತ್ತಲಿನ ಕಾರ್ಖಾನೆಗಳಿಗೆಲ್ಲ ಕಂಪ್ಯೂಟರು ಬಂತೆಂದು ತಮ್ಮ ಸ್ಟೋರಿಗೂ ತರಿಸಿದರು. ಅದಕ್ಕೆ ಮುಂಚೆ ಕಂಪ್ಯೂಟರು ಮಾರುವವರು ಮಾಲಕರನ್ನೂ ನನ್ನನ್ನೂ ಒಂದು ಹೋಟೆಲಿನ ಸಭಾಂಗಣದಲ್ಲಿ ದಿನವಿಡೀ ಭಾಷಣ ಕೇಳಲು ಕೂಡಿಸಿದ್ದರು. ಟೈ ಕಟ್ಟಿದವರೊಬ್ಬರು, ಯಂತ್ರ ತರುವುದು ಸುಲಭ, ಯಂತ್ರದ ಮುಂದೆ ಕೂಡುವ ಮನುಷ್ಯನನ್ನು ತಿಳಿಯುವುದು ಕಠಿಣ, ಆದ್ದರಿಂದ ಹ್ಯೂಮನ್ ಫ್ಯಾಕ್ಟರನ್ನು ಮರೆಯಬೇಡಿ ಎಂದು ಮತ್ತೆ ಮತ್ತೆ ಹೇಳಿದರು. ನಾನು ಬಟಾಟೆ ವಡೆ ತಿನ್ನುತ್ತ ಅದನ್ನು ಬರೆದುಕೊಂಡೆ. ನಾನು ಬರೆದುಕೊಂಡದ್ದನ್ನು ಮಾಲಕರು ನೋಡಿದರು, ಅಲ್ಲಿಗೆ ಕೆಟ್ಟಿತು. "ಹ್ಯೂಮನ್ ಫ್ಯಾಕ್ಟರ್ ತುಮ್ಹೀ ಬಘಾ," ಅದನ್ನು ನೀವು ನೋಡಿಕೊಳ್ಳಿ, ಎಂದುಬಿಟ್ಟರು.

ಮನೆಗೆ ಬಂದು, ಇನ್ನು ಮುಂದೆ ನಾನು ಕಾರ್ಖಾನೆಯ ಹ್ಯೂಮನ್ ಫ್ಯಾಕ್ಟರು ಎಂದು ಹೆಂಡತಿಗೆ ಹೇಳಿದೆ. "ಹಂಗಂದ್ರ ಏನ್ರಿ?" ಎಂದಳು. ಮನುಷ್ಯನ ಅಂಶ ಎಂದೆ. "ಅಂದ್ರ ಇಷ್ಟು ದಿನ ಇರ್ಲಿಲ್ಲೇನು?" ಎಂದು ಅವಳು ಮೆಂತ್ಯೆ ಸೊಪ್ಪು ಸೋಸುವುದಕ್ಕೆ ತಿರುಗಿದಳು.

ನಮ್ಮ ಸ್ಟೋರ್‌ಕೀಪರು ರಾಚಪ್ಪ. ಇಂಡಿ ತಾಲ್ಲೂಕಿನ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸಾವಿರಾರು ಬಿಡಿಭಾಗಗಳಲ್ಲಿ ಯಾವುದು ಯಾವ ಕಪಾಟಿನ ಯಾವ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಕಾರ್ಡುಗಳನ್ನೂ ಬರೆಯುತ್ತಿದ್ದರು, ಆದರೆ ಪೆನ್ಸಿಲಿನಲ್ಲಿ, ತಮ್ಮದೇ ಲಿಪಿಯಲ್ಲಿ. ಅಕ್ಷರ ಕನ್ನಡದಿಂದ ಹೊರಟು ಮರಾಠಿಯನ್ನು ಮುಟ್ಟುವುದರೊಳಗೆ ದಾರಿ ತಪ್ಪಿದಂತೆ ಇರುತ್ತಿತ್ತು. ಬಿಡಿಭಾಗಗಳ ಇಂಗ್ಲಿಷ್ ಹೆಸರುಗಳನ್ನು ಅವರು ಬಾಯಲ್ಲಿ ಇಟ್ಟುಕೊಂಡವರಲ್ಲ. ಎಣ್ಣೆ ಸೋರದಂತೆ ಪಂಪಿನೊಳಗೆ ಕೂಡಿಸುವ ರಬ್ಬರಿನ ಸುತ್ತು ಇರುತ್ತದಲ್ಲ, ಆಯಿಲ್ ಸೀಲು, ಅದು ಅವರಿಗೆ "ಕರಿ ಬಳಿ", ಕಪ್ಪು ಬಳೆ. ನಟ್ಟಿನ ಕೆಳಗಿಡುವ ವಾಷರು "ಬಿಲ್ಲಿ". ಅವರು ನನ್ನನ್ನು ರಾಯರ ಎಂದು ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಕನ್ನಡ ಆಡುವವರು ನಾವಿಬ್ಬರೇ ಆದ್ದರಿಂದ ಮಧ್ಯಾಹ್ನದ ಬುತ್ತಿಯನ್ನು ಅವರ ಸ್ಟೋರಿನಲ್ಲೇ ಕೂತು ಉಣ್ಣುತ್ತಿದ್ದೆ.

ಕಂಪ್ಯೂಟರಿಗೆ ಮಾಲಿನ ವಿವರ ತುಂಬಬೇಕು, ವಿವರವೆಲ್ಲ ರಾಚಪ್ಪನವರ ತಲೆಯಲ್ಲಿದೆ, ಯಂತ್ರ ಎಂದರೆ ಅವರು ಮುಖ ಗಂಟು ಹಾಕುತ್ತಾರೆ. ಏನು ಮಾಡುವುದು? ಇಲ್ಲಿ ನನ್ನೊಳಗಿನ ಹ್ಯೂಮನ್ ಫ್ಯಾಕ್ಟರು ಎದ್ದು ಕೂತ. ಪ್ರೋಗ್ರಾಮ್ ಬರೆದ ಹಡಪಸರದ ಕಂಪನಿಯಲ್ಲಿ ವೀಣಾ ಎಂಬ ಹುಡುಗಿ ಇದ್ದಳು, ಮೈಸೂರಿನವಳು. ಆಕೆಯನ್ನೇ ಕಳಿಸಿ, ಕನ್ನಡದಲ್ಲೇ ಕೇಳಿ ಬರೆದುಕೊಳ್ಳಲಿ, ಮನುಷ್ಯ ತನ್ನ ತಾಯ್ನುಡಿಯಲ್ಲಿ ಹಾಯಾಗಿರುತ್ತಾನೆ ಎಂದು ನಾನು ಮಾಲಕರ ಮುಂದೆ ಹೇಳಿದೆ. ಮಾಲಕರು ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ನೆನೆದರೆ ಇವತ್ತಿಗೂ ಚುರುಕು ಎನ್ನುತ್ತದೆ.

ಒಂದು ಶುಕ್ರವಾರ ವೀಣಾ ಬಂದಳು. ಹಣೆಗೆ ಕುಂಕುಮ, ಕೈತುಂಬ ಬಳೆ, ಕಾಗದದ ಒಂದು ದೊಡ್ಡ ಕಟ್ಟು. ರಾಚಪ್ಪನವರು ಕುರ್ಚಿ ಒರೆಸಿಕೊಟ್ಟರು, ಶೇಂಗಾ ಉಂಡಿ ತಿನ್ನಿಸಿದರು, ಯಾರ ಪೈಕಿ, ಅಪ್ಪ ಏನು ಮಾಡುತ್ತಾರೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಆಕೆ ಒಂದೊಂದೇ ಮಾಲಿನ ಹೆಸರು ಹೇಳುತ್ತ ಹೋದಳು, ಇವರು ಎಷ್ಟಿದೆ ಎಂದು ಹೇಳುತ್ತ ಹೋದರು. ಬಾಗಿಲಲ್ಲಿ ನಿಂತು ಆ ದೃಶ್ಯ ನೋಡಿ ನನಗೆ ಕಣ್ಣು ತೇವವಾಯಿತು. ಟೈ ಕಟ್ಟಿದವರು ಬಂದು ಇದನ್ನು ನೋಡಬೇಕಿತ್ತು ಅನ್ನಿಸಿತು. ಸಂಜೆಯ ಹೊತ್ತಿಗೆ ಎಲ್ಲವೂ ಕಂಪ್ಯೂಟರಿನ ಹೊಟ್ಟೆ ಸೇರಿತು. ಇನ್ನು ಮುಂದೆ ಏನು ಕಡಿಮೆಯಾದರೂ ಯಂತ್ರವೇ ಖರೀದಿಯವರಿಗೆ ಹೇಳುತ್ತದೆ, ನೀವು ಹೇಳುವ ಕಾರಣವಿಲ್ಲ ಎಂದು ರಾಚಪ್ಪನವರಿಗೆ ನಾನೇ ತಿಳಿಸಿದೆ. ಅವರೂ ಹೇಳುವುದನ್ನು ಬಿಟ್ಟರು.

ಮೂರು ವಾರಗಳ ಮೇಲೆ ಒಂದು ದೊಡ್ಡ ಆರ್ಡರಿನ ಪಂಪುಗಳನ್ನು ಜೋಡಿಸುವ ದಿನ ಬಂತು. ಫೋರ್‌ಮನ್ನು ಆಯಿಲ್ ಸೀಲು ಕೇಳಲು ಸ್ಟೋರಿಗೆ ಹೋದ. ರಾಚಪ್ಪ "ಸಂಪ್ಲಾ" ಎಂದರು. ಸಂಪ್ಲಾ ಎಂದರೆ ಮರಾಠಿಯಲ್ಲಿ ಮುಗಿಯಿತು. ಫೋರ್‌ಮನ್ನು ಕಂಪ್ಯೂಟರು ನೋಡಿದ: ಮುನ್ನೂರು ಇವೆ ಎನ್ನುತ್ತಿತ್ತು. ಖಾನೆ ನೋಡಿದ: ಜೇಡನ ಬಲೆ. ಮಾಲಕರು ಬಂದರು, ನಾನು ಬಂದೆ. ಹುಡುಕುತ್ತ ಹೋದ ಹಾಗೆ ಇಂಥವೇ ಹದಿನಾಲ್ಕು ಬಾಬತ್ತು ಸಿಕ್ಕವು. ಪರದೆಯ ಮೇಲೆ ರಾಶಿ, ಖಾನೆಯಲ್ಲಿ ಗಾಳಿ.

"ಮಾಲ ಗೇಲಾ ಕುಠೇ?" ಎಂದು ಮಾಲಕರು ಕೇಳಿದರು. ಮಾಲು ಹೋಯಿತು ಎಲ್ಲಿಗೆ? ದನಿ ಎತ್ತರಿಸಲಿಲ್ಲ, ಯಾರ ಹೆಸರೂ ಹೇಳಲಿಲ್ಲ. ಆದರೆ ಸ್ಟೋರಿನ ಬೀಗದ ಕೈ ಇರುವುದು ಒಬ್ಬರ ಸೊಂಟದಲ್ಲಿ. ರಾಚಪ್ಪ ತಮ್ಮ ಕಾರ್ಡುಗಳನ್ನು ತಂದು ತೋರಿಸಿದರು. ಪೆನ್ಸಿಲಿನಲ್ಲಿ ಬರೆದದ್ದನ್ನು ಯಾವಾಗ ಬೇಕಾದರೂ ಅಳಿಸಿ ಬರೆಯಬಹುದಲ್ಲ ಎಂದು ಫೋರ್‌ಮನ್ನು ಗೊಣಗಿದ. ನಾನು ಏನಾದರೂ ಹೇಳಬೇಕಿತ್ತು. ಪರದೆ ನೋಡಿದೆ, ಖಾನೆ ನೋಡಿದೆ, ಮತ್ತೆ ಪರದೆ ನೋಡಿದೆ. ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷ ಅವರ ಜೊತೆ ಬುತ್ತಿ ಬಿಚ್ಚಿದವನು ನಾನು.

ಸಂಜೆ ರಾಚಪ್ಪ ನನ್ನ ಮೇಜಿಗೆ ಬಂದು ಬೀಗದ ಕೈಗಳ ಗೊಂಚಲನ್ನು ಸದ್ದಾಗದಂತೆ ಇಟ್ಟರು.

"ಆ ಹುಡುಗಿಗೆ ನಾ ಅವತ್ತೇ ಖರೇನ ಹೇಳೀನಿ, ರಾಯರ. ನಿಮ್ಮ ಮಷೀನು ಏನ್ ಬರಕೊಂಡದೋ ನನಗ ಗೊತ್ತಿಲ್ಲ. ಹೋಗ್ತೀನ್ರಿ."

ಹೋಗ್ತೀನ್ರಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲಿಂದ ಎದ್ದರೂ ನಾವು "ಬರ್ತೀನಿ" ಎನ್ನುತ್ತೇವೆ, ಹೋಗುತ್ತೇನೆ ಎನ್ನುವುದು ತಿರುಗಿ ಬರದವರು. ಇಪ್ಪತ್ತು ವರ್ಷ, ದಿನಾ ಸಂಜೆ ನನ್ನ ಬಾಗಿಲಲ್ಲಿ ನಿಂತು "ಬರ್ತೀನ್ರಿ, ರಾಯರ" ಎಂದು ಹೋದ ಮನುಷ್ಯ ಅವರು.

ವೀಣಾಗೆ ಫೋನು ಹಚ್ಚಿದೆ. "ಅಂಕಲ್, ಒಂದೊಂದು ಐಟಮ್ಮೂ ನಾನು ಎರಡೆರಡು ಸಲ ಕೇಳಿದೀನಿ. ಅವರೇ ಜಾಸ್ತಿ ಇದೆ ಅಂತ ಹೇಳಿದ್ದು. ಜಾಸ್ತಿ ಇರೋದನ್ನ ಆಮೇಲೆ ಎಣಿಸೋಣ ಅಂತ ಲಾಸ್ಟ್ ಪರ್ಚೇಸ್ ನಂಬರನ್ನೇ ಹಾಕಿದೆ. ಜಾಸ್ತಿ ಇದೆ ಅಂತ ಮಾರ್ಕ್ ಆಗಿರೋದ್ರಿಂದ ಸಿಸ್ಟಮ್ಮು ಹೊಸದು ತರಿಸಿಲ್ಲ. ನಾನು ಸುಳ್ಳು ಯಾಕೆ ಬರೀಲಿ, ಅಂಕಲ್?"

ರಾಚಪ್ಪ ಸುಳ್ಳು ಹೇಳುವವರಲ್ಲ. ಈ ಹುಡುಗಿ ಸುಳ್ಳು ಬರೆಯುವವಳಲ್ಲ. ಯಂತ್ರಕ್ಕೆ ಸುಳ್ಳು ಹೇಳಲು ಬರುವುದೇ ಇಲ್ಲವೆಂದು ಟೈ ಕಟ್ಟಿದವರು ಹೇಳಿದ್ದರು. ಮೂರೂ ಸತ್ಯಗಳನ್ನು ಕೂಡಿಸಿದರೆ ಒಂದು ಕಳ್ಳತನ ಹೇಗೆ ಹುಟ್ಟುತ್ತದೆ? ಸ್ಕೂಟರು ನಡೆಸುತ್ತ ಇದನ್ನೇ ಯೋಚಿಸಿ, ಎರಡು ಸಲ ತಪ್ಪು ಗಲ್ಲಿ ಹೊಕ್ಕು ಮನೆ ಸೇರಿದೆ.

ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಿದ್ದೆ. ತಲೆ ಇನ್ನೂ ಸ್ಟೋರಿನ ಖಾನೆಗಳಲ್ಲೇ ಇತ್ತು. ಅಡಿಗೆಮನೆಯಿಂದ ಸುಮಿತ್ರಾ, "ಏನ್ರಿ, ಸಕ್ಕರಿ ಹೆಚ್ಚಾಗೇದ, ಬರೂ ಮುಂದ ತಗೊಂಡು ಬರ್ರಿ" ಎಂದಳು.

"ಹೆಚ್ಚಾಗಿದ್ರ ಮತ್ಯಾಕ ತರೂದು?" ಎಂದೆ.

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನ ಮುಖ ನೋಡಿದಳು. "ಆ ಕಂಪ್ಯೂಟರ್ ಬಂದು ನಿಮಗ ಕನ್ನಡಾನೂ ಹೆಚ್ಚಾತೇನ್ರಿ?"

ಬೂಟಿನ ಲೇಸು ನನ್ನ ಕೈಯಲ್ಲೇ ಉಳಿಯಿತು.

ಓದುವ ನೀವು ಬಡಗು ನಾಡಿನವರಾದರೆ ಇಷ್ಟು ಹೊತ್ತಿಗೆ ನನ್ನನ್ನು ಮನಸಾರೆ ಬೈದಿರುತ್ತೀರಿ. ತೆಂಕಣದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮನೆಯಲ್ಲಿ ಯಾವ ಪದಾರ್ಥವೂ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ಅಕ್ಕಿ ಹೆಚ್ಚಾಯಿತು ಎಂದರೆ ಡಬ್ಬಿ ಖಾಲಿ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತವೆ. ಬಾಗಿಲನ್ನು ಹಾಕುವುದಿಲ್ಲ, ಮುಂದೆ ಮಾಡುತ್ತೇವೆ. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಏಕೆಂದರೆ ಪ್ರತಿ ಮನೆಯ ಮಾಡಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನೀವು ಏನಂದರೂ "ತಥಾಸ್ತು," ಹಾಗೇ ಆಗಲಿ, ಎಂದುಬಿಡುತ್ತಾರೆ. ಇಲ್ಲ ಎಂದರೆ ಇಲ್ಲವೇ ಆಗುತ್ತದೆ. ನಮ್ಮ ಅಜ್ಜಿ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಉಪ್ಪು ಕೇಳಲು ಬಂದ ನೆರೆಮನೆಯವಳಿಗೂ "ನಮ್ಮಲ್ಲೂ ಹೆಚ್ಚಾಗೇದವಾ" ಎನ್ನುತ್ತಿದ್ದಳು. ಆಕೆ ಬರಿಗೈಯಲ್ಲಿ, ಆದರೆ ಸಮಾಧಾನದಿಂದ ಮರಳುತ್ತಿದ್ದಳು.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ, ಶಾಸ್ತ್ರದ ಆಧಾರವಿದೆ. ಹಳೆಯ ಅಲಂಕಾರಶಾಸ್ತ್ರದವರು ಕಾವ್ಯದಲ್ಲಿ ಅಶ್ಲೀಲ ದೋಷ ಮೂರು ಬಗೆ ಎಂದಿದ್ದಾರೆ: ನಾಚಿಕೆ ತರುವುದು, ಅಸಹ್ಯ ತರುವುದು, ಅಮಂಗಳ ಸೂಚಿಸುವುದು. ಮೊದಲೆರಡನ್ನು ಎಲ್ಲರೂ ನೆನಪಿಡುತ್ತಾರೆ, ಮೂರನೆಯದನ್ನು ಮರೆಯುತ್ತಾರೆ. ಆ ಲೆಕ್ಕ ಹಿಡಿದರೆ ಪರದೆಯ ಮೇಲೆ "ಸ್ಟಾಕ್ ನಿಲ್" ಎಂದು ಮೂಡಿಸುವ ಯಂತ್ರ ಹಾಡಹಗಲೇ, ಹೆಣ್ಣುಮಕ್ಕಳ ಎದುರಿಗೇ, ಅಶ್ಲೀಲ ಮಾತಾಡುತ್ತಿದೆ. ರಾಚಪ್ಪ ಇದನ್ನು ಓದಿದವರಲ್ಲ, ಆದರೆ ಪಾಲಿಸಿದವರು. ನಾನು ಓದಿದವನು, ಮರೆತವನು.

ಕಾರ್ಖಾನೆಗೆ ಹೋಗುವ ಬದಲು ಭೋಸರಿಯಲ್ಲೇ ಅವರು ಇರುವ ಚಾಳಿಗೆ, ಅಂದರೆ ವಠಾರಕ್ಕೆ, ಸ್ಕೂಟರು ತಿರುಗಿಸಿದೆ. ರಾಚಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರೂ ಚಾಪೆಯನ್ನು ಈಚೆ ಸರಿಸಿದರು.

"ರಾಚಪ್ಪನವರ, ಕರಿ ಬಳಿ ಎಷ್ಟವ ಅಂತ ಆ ಹುಡುಗಿ ಕೇಳಿದಾಗ ಏನಂದ್ರಿ?"

"ಏನಂತೀನಿ, ಇದ್ದದ್ದ ಹೇಳೀನಿ. ಹೆಚ್ಚಾಗ್ಯಾವ ಅಂದೆ."

"ಆಕಿ ಮೈಸೂರು ಕಡೇಕಿ. ಭಾಳ ಅವ ಅಂತ ಬರಕೊಂಡಾಳ."

ಶೇಂಗಾ ಸುಲಿಯುತ್ತಿದ್ದ ಕೈ ನಿಂತಿತು. ನಾನೇ ಮುಂದೆ ಕೇಳಿದೆ.

"ಫೋರ್‌ಮನ್ನಗ ಇಪ್ಪತ್ತು ವರ್ಷದಿಂದ ಸಂಪ್ಲಾ ಅಂತೀರಿ. ಆಕೀಗೂ ಹಂಗ ಮುಗದಾವ ಅನ್ಬಾರದಾಗಿತ್ತೇನ್ರಿ?"

"ಅದು ಮರಾಠಿ ಅಲ್ಲೇನ್ರಿ, ರಾಯರ. ಡ್ಯೂಟಿ ಮಾತು. ಮನಿಗೆ ಹತ್ತೂದಿಲ್ಲ." ಅವರಿಗೆ ಇದು ಹೇಳಬೇಕಾದ ಸಂಗತಿಯೇ ಅಲ್ಲ. "ಆದ್ರ ಕನ್ನಡದಾಗ, ಮನಿ ಮಗಳ ಹಂಗ ಮುಂದ ಕುಂತು ಕೇಳ್ತದ, ಅದೂ ಶುಕ್ರವಾರ. ಬಳಿ ಮುಗದಾವ ಅಂತ ಹ್ಯಾಂಗ ಅನ್ಲಿ? ಅನ್ನಾಕ ನಾಲಗಿ ಹೊಳ್ಳಬೇಕಲ್ಲ."

ಮರಾಠಿಯಲ್ಲಿ ಕೇಳಿದ್ದರೆ ಏನೂ ಆಗುತ್ತಿರಲಿಲ್ಲ. ಮನುಷ್ಯ ಹಾಯಾಗಿರಲಿ ಎಂದು ಕನ್ನಡ ತಂದವನು ನಾನು. ಅವರು ಎಷ್ಟು ಹಾಯಾಗಿದ್ದರೆಂದರೆ ಸ್ಟೋರನ್ನೇ ಮನೆ ಮಾಡಿಕೊಂಡು, ಮನೆಯ ಮಾತಾಡಿದರು.

"ನಡೀರಿ, ಸಾಹೇಬರಿಗೆ ಹೇಳೋಣು" ಎಂದೆ. ರಾಚಪ್ಪ ತಲೆ ಅಲ್ಲಾಡಿಸಿದರು. "ಕಳವಿನ ಮಾತು ಬಂದ ಜಾಗ ಅದು. ಇಟ್ಟ ಕೀಲಿ ನಾ ತಿರುಗಿ ಎತ್ತೂದಿಲ್ಲ." ನಿನ್ನೆ ನಾನು ಬಾಯಿ ಬಿಡದಿದ್ದದ್ದನ್ನು ಅವರು ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾನೇ ಅಂದೆ: "ನಿನ್ನೆ ನಾ ಸುಮ್ಮ ನಿಂತೆ. ತಪ್ಪಾತ್ರಿ." ಅವರು ಒಂದು ಹಿಡಿ ಶೇಂಗಾಬೀಜ ನನ್ನ ಕೈಗೆ ಹಾಕಿದರು, ಅಷ್ಟೆ.

ಒಬ್ಬನೇ ಹೋಗಿ ಮಾಲಕರ ಮುಂದೆ ನಿಂತೆ. ಅಜ್ಜಿ, ಅಕ್ಕಿ, ಸಕ್ಕರೆ, ದೇವತೆಗಳು, ಎಲ್ಲವನ್ನೂ ಮರಾಠಿಗೆ ತಿರುವಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂಬಂತೆ ಅವರು ನೋಡುತ್ತಿದ್ದರು. ಕೊನೆಗೆ ಬಳೆಯ ಮಾತು ಬಂತು. ಕರಿ ಬಳೆ ಹೆಚ್ಚಾದವು ಎಂದೆ.

"ಮ್ಹಣಜೇ, ವಾಢಲ್ಯಾ?" ಎಂದರು ಮಾಲಕರು. ಅಂದರೆ, ಹೆಚ್ಚಾದವೇ?

ಅವರ ಭಾಷೆಯಲ್ಲೂ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಅಂಗಡಿ ಮುಚ್ಚುವುದನ್ನೂ ಅಂಗಡಿ ಹೆಚ್ಚಿಸುವುದೆಂದೇ ಹಳಬರು ಅನ್ನುತ್ತಾರೆ. ಮಾಲಕರು ನನ್ನ ಮೇಜಿನ ಮೇಲಿದ್ದ ಗೊಂಚಲನ್ನು ತಾವೇ ಎತ್ತಿಕೊಂಡು ಕಾರು ಹತ್ತಿದರು. ನಾನು ಹಿಂದೆ ಸ್ಕೂಟರಿನಲ್ಲಿ. ಚಾಳಿನ ಮಂದಿಯೆಲ್ಲ ನೋಡುತ್ತಿರುವಾಗ ಆ ಕಟ್ಟೆಯ ಮುಂದೆ ನಿಂತು, "ಆಮಚಂ ಚುಕಲಂ, ರಾಚಪ್ಪಾ," ನಮ್ಮದು ತಪ್ಪಾಯಿತು, ಎಂದು ಕೀಲಿಗಳನ್ನು ಅವರ ಕೈಗಿಟ್ಟರು. ರಾಚಪ್ಪ ಧೋತರದ ತುದಿಯಿಂದ ಮುಖ ಒರೆಸಿಕೊಂಡು, ಚಹಾ ಆಗಲಿ ಎಂದು ಒಳಗೆ ಕೂಗಿದರು. ಚಹಾ ಕುಡಿಯುತ್ತ ನಮ್ಮ ಮನೆಯ ಸಕ್ಕರೆಯ ಕಥೆಯನ್ನು ಅವರಿಗೆ ಹೇಳಿದೆ.

ಮಧ್ಯಾಹ್ನ ವೀಣಾ ಓಡಿಬಂದಳು. ವಿಷಯ ಕೇಳಿ ಕೆನ್ನೆ ಕೆಂಪಗಾಯಿತು. ಅವರ ಅಜ್ಜಿಯೂ ದೀಪ ದೊಡ್ಡದು ಮಾಡು ಅನ್ನುತ್ತಿದ್ದರಂತೆ, ಆದರೆ ಆಯಿಲ್ ಸೀಲಿನ ವಿಷಯದಲ್ಲಿ ಅದು ನೆನಪಾಗಲಿಲ್ಲವಂತೆ. "ಅಂಕಲ್, ನಿಲ್ ಅಂತ ತೋರಿಸೋದು ಬೇಡ್ವಾ ಹಾಗಾದ್ರೆ?" ಎಂದು ರಾಚಪ್ಪನವರನ್ನೇ ಕೇಳಿದಳು. ಅವರು ಬಹಳ ಯೋಚಿಸಿ, "ತರಬೇಕು ಅಂತ ಹಾಕವಾ. ಅದು ಖರೇನೂ ಆಗ್ತದ, ಛಲೋನೂ ಆಗ್ತದ" ಎಂದರು. ಖಾಲಿ ಖಾನೆಗಳ ಎದುರು ಅವಳು ಹಾಗೇ ಮೂಡುವಂತೆ ಮಾಡಿಕೊಟ್ಟಳು, ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡ ಬಾರದ ಖರೀದಿಯವರೂ ಆ ಒಂದು ಶಬ್ದವನ್ನು ಕಲಿತರು. ನಿಲ್ ಎಂದಿದ್ದಾಗ ಸುಮ್ಮನೆ ಕೂಡುತ್ತಿದ್ದವರು, ತರಬೇಕು ಎಂದ ಮೇಲೆ ತರತೊಡಗಿದರು.

ಉಳಿದದ್ದು ವೀಣಾ ತನ್ನ ಕಂಪನಿಯಿಂದ ತಂದುಕೊಟ್ಟಿದ್ದ ಆ ಫಾರ್ಮು. ದೋಷಕ್ಕೆ ಕಾರಣ ಏನು? ಯಂತ್ರ ತನಗೆ ಹೇಳಿದ್ದಕ್ಕೆಲ್ಲ ತಥಾಸ್ತು ಎಂದಿತ್ತು. ಮಾಡಿನಲ್ಲಿದ್ದ ದೇವತೆಗಳು ಮೇಜಿನ ಮೇಲಕ್ಕೆ ಇಳಿದಿದ್ದರು ಅಷ್ಟೆ. ಪ್ರೋಗ್ರಾಮ್ ಸರಿ ಇತ್ತು. ಮನುಷ್ಯ ಎಂದು ಗುರುತು ಹಾಕಿದರೆ ಯಾರ ಹೆಸರು? ರಾಚಪ್ಪ ಸರಿಯಾಗಿ ಹೇಳಿದ್ದರು, ವೀಣಾ ಸರಿಯಾಗಿ ಬರೆದಿದ್ದಳು. ಯಾರ ಹೆಸರು ಬರೆದರೂ ಅದು ಫೈಲಿನಲ್ಲಿ ಅವರ ಬೆನ್ನಿಗೆ ಅಂಟುತ್ತದೆ. ಖಾಲಿ ಬಿಟ್ಟು ಕಳಿಸೋಣವೆಂದರೆ ಖಾಲಿ ಫಾರ್ಮನ್ನು ಕಂಪನಿಯವರು ತೆಗೆದುಕೊಳ್ಳುವುದಿಲ್ಲ. ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ತಿಳಿಯದ್ದಕ್ಕೆ ಯಾರಾದರೂ ಹೆಸರು ಕೊಡಬೇಕಲ್ಲ ಎಂದು ಮೂರನೆಯ ಚೌಕದಲ್ಲಿ ಗುರುತು ಹಾಕಿ, ಮುಂದೆ ನನ್ನ ಹೆಸರು ಬರೆದೆ. ಹುದ್ದೆ ಎಂಬಲ್ಲಿ ಹ್ಯೂಮನ್ ಫ್ಯಾಕ್ಟರ್ ಎಂದೆ. ಜೀವಮಾನದಲ್ಲಿ ಅದೊಂದೇ ಸಲ ಸರಿಯಾದ ಚೌಕ ಹುಡುಕಿದೆನೋ ಏನೋ.

ಅಷ್ಟರಲ್ಲಿ ಸ್ಟೋರಿಗೆ ಬೀಗ ಹಾಕಿದ ಸದ್ದು ಕೇಳಿತು. ಅಲ್ಲ, ಬಾಗಿಲು ಮುಂದೆ ಮಾಡಿದ ಸದ್ದು. ಕೀಲಿಯ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ರಾಚಪ್ಪ ನನ್ನ ಬಾಗಿಲಲ್ಲಿ ಬಂದು ನಿಂತರು. ನಾನು ಫಾರ್ಮಿನಿಂದ ತಲೆ ಎತ್ತಲಿಲ್ಲ. ಅವರು ಯಾವ ಮಾತು ಆಡುತ್ತಾರೋ ಎಂದು ಕಾದೆ.

"ನಿಮ್ಮ ಮನ್ಯಾಗ ಸಕ್ಕರಿ ಹೆಚ್ಚಾಗೇದಂತಲ್ರಿ, ಮರೀಬ್ಯಾಡ್ರಿ" ಎಂದರು. ಆಮೇಲೆ, ಇಪ್ಪತ್ತು ವರ್ಷ ಅಂದ ಹಾಗೆಯೇ, "ಬರ್ತೀನ್ರಿ, ರಾಯರ."

"ಬರ್ರಿ" ಎಂದೆ. ಮನಸ್ಸಿನಲ್ಲೇ ತಥಾಸ್ತು ಎಂದದ್ದು ಅವರಿಗೆ ಕೇಳಿಸಿರಲಾರದು.